ಬೆನ್ನುಚೀಲಕ್ಕೆ ಗೂಡಿನ ತಕ್ಕಡಿ

ಗುಂಡ್ಲುಪೇಟೆ ಹೆದ್ದಾರಿ ಎರಡಾಗಿ ಕವಲೊಡೆಯುವ ಊರು. ಮೈಸೂರಿನಿಂದ ನಂಜನಗೂಡು, ಬೇಗೂರು ಹಾದು ಬರುವ ರಸ್ತೆ ಇಲ್ಲಿ ಸೀಳಿ, ಒಂದು ಮದ್ದೂರು ತನಿಖಾ ಠಾಣೆಯ ಮೂಲಕ ವಯನಾಡಿನತ್ತ ಸಾಗಿದರೆ ಇನ್ನೊಂದು ಮೇಲುಕಾಮನಹಳ್ಳಿ, ಬಂಡೀಪುರಗಳನ್ನು ದಾಟಿ ಊಟಿಗೆ ಏರುತ್ತದೆ. 2009ರಿಂದ ಈ ಎರಡೂ ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಹೊತ್ತು ಮೀರಿ ಬಂದವರು ಊರಿನಲ್ಲೇ ತಂಗಿ, ಬೆಳಕು ಹರಿಯುವ ಮುನ್ನ ಗೇಟಿನ ಮುಂದೆ ಸಾಲುಗಟ್ಟುವುದು ಇಲ್ಲಿನ ದಿನಚರಿಯ ಭಾಗವಾಗಿದೆ. ಚೆಂಡು ಹೂವೂ ಸೂರ್ಯಕಾಂತಿಯೂ ಅರಳುವ ತಿಂಗಳುಗಳಲ್ಲಂತೂ ಕೇರಳದಿಂದ ಬಂದವರು ರಸ್ತೆಬದಿಯ ಹೊಲಗಳಿಗೆ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಹೊಲದ ಒಡೆಯರಲ್ಲಿ ಕೆಲವರು ಅದಕ್ಕೂ ಹತ್ತಿಪ್ಪತ್ತು ರೂಪಾಯಿ ವಸೂಲಿ ಮಾಡುವುದನ್ನು ಕಲಿತಿದ್ದಾರೆ. ಹೀಗಾಗಿ ಪ್ರವಾಸವೆಂಬುದನ್ನು ಈ ಊರಿನವರು ಮಾಡಿದ್ದು ಕಡಿಮೆ, ಕೂತು ನೋಡಿದ್ದೇ ಹೆಚ್ಚು. ಬೆನ್ನ ಮೇಲೆ ತಮ್ಮಷ್ಟೇ ಎತ್ತರದ ಚೀಲ ಹೊತ್ತು ಬಸ್ಸಿನಿಂದ ಇಳಿದು ಎಳನೀರು ಕುಡಿದು ಹೋಗುವ ಪರದೇಶದವರನ್ನು ಕಂಡಾಗ, ಇವರಿಗೆ ಮನೆಮಠ ಇಲ್ಲವೇನೋ ಎಂದು ಮರುಗಿದ ಅಜ್ಜಿಯರೂ ಇಲ್ಲಿದ್ದರು.

ಬ್ಯಾಕ್‌ಪ್ಯಾಕಿಂಗ್ ಎಂದು ಇಂದು ಕರೆಯಲಾಗುವ ಈ ಬಗೆಯ ಪ್ರವಾಸವೆಂದರೆ, ಬೇಕಾದುದೆಲ್ಲವನ್ನೂ ಒಂದೇ ಬೆನ್ನುಚೀಲಕ್ಕೆ ಇಳಿಸಿ, ಪ್ರವಾಸ ಸಂಸ್ಥೆಯ ನೆರವಿಲ್ಲದೆ, ಅಗ್ಗದ ತಂಗುದಾಣಗಳಲ್ಲಿ ಮಲಗಿ, ಸಾರ್ವಜನಿಕ ಸಾರಿಗೆಯಲ್ಲೇ ಓಡಾಡಿ ಒಂದು ನಾಡನ್ನು ನೋಡುವ ಕ್ರಮ. ಹೆಸರು ಹೊಸದಾದರೂ ಕ್ರಮ ಈ ಸೀಮೆಗೆ ತೀರಾ ಹೊಸದಲ್ಲ. ಶಿವರಾತ್ರಿಗೂ ದೀಪಾವಳಿಗೂ ಕೊಳ್ಳೇಗಾಲ, ಹನೂರು, ಕೌದಳ್ಳಿಗಳ ಮೇಲೆ ಹಾದು ತಾಳಬೆಟ್ಟದಿಂದ ಕಾಲುದಾರಿ ಹಿಡಿದು ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆಯುವ ಪರುಸೆಯವರು ಹೆಗಲಿಗೆ ಬುತ್ತಿಗಂಟು ಬಿಟ್ಟರೆ ಬೇರೇನನ್ನೂ ಒಯ್ಯುತ್ತಿರಲಿಲ್ಲ. ಮಠದ ಜಗಲಿ, ದಾಸೋಹದ ಅನ್ನ, ಹಾದಿಬದಿಯವರು ಕೊಡುವ ಮಜ್ಜಿಗೆ ಪಾನಕ, ಇಷ್ಟರಲ್ಲೇ ಅವರ ಯಾತ್ರೆ ಮುಗಿಯುತ್ತಿತ್ತು. ಜಪಾನಿನ ಶಿಕೊಕು ದ್ವೀಪದಲ್ಲಿ 88 ದೇವಾಲಯಗಳನ್ನು ಸುತ್ತಿಬರುವ ಸುಮಾರು 1,200 ಕಿಲೋಮೀಟರಿನ ಕಾಲ್ನಡಿಗೆಯ ಯಾತ್ರೆಯೊಂದಿದ್ದು, ಅಲ್ಲಿಯೂ ಹಾದಿಯ ಊರಿನವರು ಯಾತ್ರಿಕರಿಗೆ ತಿನಿಸು, ನೀರು, ಕೆಲವೊಮ್ಮೆ ಒಂದು ರಾತ್ರಿಯ ನೆಲೆ ಕೊಡುವ ವಾಡಿಕೆಯಿದೆ. ಅದನ್ನು ಒಸೆತ್ತಾಯ್ ಎನ್ನುತ್ತಾರೆ. ಆದರೆ ಬೆಟ್ಟಕ್ಕೆ ಹೊರಡುವವರು ಯಾರೂ ಮುಂಚಿತವಾಗಿ ಯೋಜನೆ ಹಾಕುತ್ತಿರಲಿಲ್ಲ, ಅಮಾವಾಸ್ಯೆ ಎಂದು ಎಂಬುದೊಂದು ಗೊತ್ತಿದ್ದರೆ ಸಾಕಿತ್ತು. ಜಪಾನಿಗೆ ಹೊರಡಬೇಕೆಂದ ಗುಂಡ್ಲುಪೇಟೆಯ ಒಬ್ಬ ಪ್ರೌಢಶಾಲಾ ಶಿಕ್ಷಕನಿಗೆ, ಅಂದರೆ ಪ್ರಸ್ತುತ ಲೇಖಕನಿಗೆ, 2018ರ ದಸರೆಯಿಂದ 2019ರ ಮೇ ತಿಂಗಳವರೆಗೆ ಏಳು ತಿಂಗಳು ಹಿಡಿದುದು ಈ ಯೋಜನೆಯೆಂಬ ಕೆಲಸವೇ ಆಗಿದ್ದು, ಪ್ರವಾಸಕ್ಕೆ ಹನ್ನೆರಡೇ ದಿನ ಸಾಕಾಯಿತು.

ಯೋಜನೆಯ ಮೊದಲ ಹಂತದಲ್ಲಿ ಓದಿಗೆ ದೊರೆತ ಕನ್ನಡ ಪುಸ್ತಕಗಳ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡದ ಪ್ರವಾಸ ಸಾಹಿತ್ಯ ಶ್ರೀಮಂತವಾದುದೇ, ಆದರೆ ಅದರ ಮುಖ ಬಹುಪಾಲು ಪಡುವಣಕ್ಕೆ ತಿರುಗಿದೆ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಹೆಸರಿನಲ್ಲೇ ಅದನ್ನು ಹೇಳುತ್ತದೆ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೊರೂರರ ಕೃತಿ ಅಮೆರಿಕದ್ದು. ಶಾಲೆಯ ಕಪಾಟಿನಲ್ಲಿ, ತಾಲ್ಲೂಕು ಗ್ರಂಥಾಲಯದಲ್ಲಿ ಹುಡುಕಿದಾಗ ಲಂಡನ್ನಿನ ಮಂಜು, ನ್ಯೂಯಾರ್ಕಿನ ಗಗನಚುಂಬಿಗಳು ಸಿಕ್ಕಷ್ಟು ಸುಲಭವಾಗಿ ಕ್ಯೋಟೊ ಸಿಗಲಿಲ್ಲ. ಇಂಗ್ಲಿಷಿನ ಮಾರ್ಗದರ್ಶಿಗಳು ಬೇಕಾದಷ್ಟಿದ್ದವು. ಅವುಗಳ ತೊಡಕು ಬೇರೆ: ಅವನ್ನು ಬರೆದವರಿಗೆ ವೀಸಾ ಎಂಬುದೊಂದು ಸಮಸ್ಯೆಯೇ ಅಲ್ಲ, ರಜೆ ಕೇಳಬೇಕಾದ ಮೇಲಧಿಕಾರಿಯಿಲ್ಲ, ಸಾರಿನಲ್ಲಿ ಮೀನಿದ್ದರೆ ಅವರು ಹಸಿದು ಮಲಗಬೇಕಾಗಿಯೂ ಇಲ್ಲ. ವಿಮಾನ ಇಳಿದಲ್ಲಿಂದ ಆ ಪುಸ್ತಕಗಳು ಆರಂಭವಾಗುತ್ತವೆ, ಗುಂಡ್ಲುಪೇಟೆಯವನಿಗೆ ಅಷ್ಟು ಹೊತ್ತಿಗೆ ಮುಕ್ಕಾಲು ಪ್ರವಾಸ ಮುಗಿದಿರುತ್ತದೆ.

ಅಪರಿಚಿತ ದೇಶವೊಂದಕ್ಕೆ ದಾರಿ ತೋರಿಸಿದ್ದು ಕೊನೆಗೆ ಪುಸ್ತಕವಲ್ಲ, ಹುಳದ ಮನೆ. ಲೇಖಕನ ತಾಯಿಯ ತವರು ಚಾಮರಾಜನಗರ ತಾಲ್ಲೂಕಿನ ಸಂತೇಮರಹಳ್ಳಿಯ ಕಡೆಗೆ ಸೇರಿದುದು. ಮದುವೆಯಾಗಿ ಗುಂಡ್ಲುಪೇಟೆಯ ಮಗ್ಗುಲಿನ ಹಳ್ಳಿಗೆ ಬಂದ ಮೇಲೂ ಅವರು ಒಂದೂವರೆ ಎಕರೆ ಹಿಪ್ಪುನೇರಳೆಯನ್ನೂ ರೇಷ್ಮೆ ಹುಳುವಿನ ಸಾಕಣೆಯನ್ನೂ ಬಿಟ್ಟವರಲ್ಲ. ಮೈಸೂರು ಸೀಮೆಯ ರೇಷ್ಮೆಗೂ ಜಪಾನಿಗೂ ನಂಟು ಹಳೆಯದು. 1893ರಲ್ಲಿ ಜಪಾನನ್ನು ನೋಡಿಬಂದಿದ್ದ ಜಮ್‌ಷೆಟ್‌ಜಿ ಟಾಟಾ ಆ ದಶಕ ಮುಗಿಯುವುದರೊಳಗೆ ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟವೊಂದನ್ನು ತೆರೆದರು, ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಬಸವನಗುಡಿಯ ಆಸುಪಾಸಿನಲ್ಲಿ ಇಂದಿಗೂ ಬಡಾವಣೆಯ ಹೆಸರಾಗಿ ಉಳಿದಿದೆ. 1898ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು, ಆಗಿನ್ನೂ ಮುಂಬಯಿ ಪ್ರಾಂತದ ಎಂಜಿನಿಯರು, ಜಪಾನಿಗೆ ಹೋಗಿ ಸುಮಾರು ಮೂರು ತಿಂಗಳಿದ್ದು ಅಲ್ಲಿನ ಕೈಗಾರಿಕೆಯನ್ನೂ ಶಿಕ್ಷಣವನ್ನೂ ನೋಡಿಬಂದರು. ಇವೆಲ್ಲ ಪಠ್ಯಪುಸ್ತಕಕ್ಕೆ ಸಲ್ಲುವ ಸಂಗತಿಗಳು. ಹುಳದ ಮನೆಯೊಳಕ್ಕೇ ಜಪಾನು ಬಂದಿದ್ದು 1991ರ ನಂತರ. ಆ ವರ್ಷ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನ್ ಸರ್ಕಾರದ ನೆರವು ಸಂಸ್ಥೆಯಾದ ಜೈಕಾದ ಸಹಯೋಗದಿಂದ ದ್ವಿತಳಿ ರೇಷ್ಮೆಯ ಯೋಜನೆ ಆರಂಭವಾಗಿ, 2007ರವರೆಗೆ ಹಂತಹಂತವಾಗಿ ನಡೆಯಿತು. ದ್ವಿತಳಿಯೆಂದರೆ ಸಹಜ ಸ್ಥಿತಿಯಲ್ಲಿ ವರ್ಷಕ್ಕೆ ಎರಡೇ ತಲೆಮಾರು ಮೊಟ್ಟೆಯೊಡೆಯುವ, ಚಳಿ ದೇಶಗಳಿಗೆ ಒಗ್ಗಿದ ಜಾತಿ. ಗೂಡು ಬೆಳ್ಳಗೆ, ಗಟ್ಟಿಯಾಗಿ, ಎಳೆ ಉದ್ದವಾಗಿ ಬರುತ್ತದೆ, ಆದರೆ ನಮ್ಮ ಬಿಸಿಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ಇಲ್ಲಿನ ಹವೆಗೆ ಪಳಗಿಸಿ ರೂಪಿಸಿದ ಸಿಎಸ್‌ಆರ್ ತಳಿಗಳು ಹಳ್ಳಿಗೆ ಬಂದಾಗ ರೈತರು ಅವನ್ನು ಸಂಖ್ಯೆಯಿಂದ ಕರೆಯದೆ ‘ಬಿಳಿಗೂಡು’ ಎಂದಷ್ಟೇ ಕರೆದರು. ಹಳದಿ ಗೂಡಿಗೆ ಒಂದು ದರ, ಬಿಳಿಗೂಡಿಗೆ ಇನ್ನೊಂದು.

ಆದರೂ ಜಪಾನಿ ಪದವೊಂದು ಈ ಮನೆಯಲ್ಲಿ ಅದಕ್ಕಿಂತ ಮುಂಚೆಯೇ ನೆಲೆಸಿತ್ತು ಎಂಬುದು ಲೇಖಕನಿಗೆ ತಿಳಿದದ್ದು ಪ್ರವಾಸದ ಸಿದ್ಧತೆಯಲ್ಲಿ ನಿಘಂಟು ತಿರುವುತ್ತಿದ್ದಾಗ. ಹುಳು ಸಾಕುವವರ ದೊಡ್ಡ ಶತ್ರು ಊಜಿ ನೊಣ. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿ ಹುಳುವನ್ನು ಒಳಗಿನಿಂದಲೇ ತಿಂದು, ಗೂಡು ಕಟ್ಟಿದ್ದರೆ ಗೂಡನ್ನೂ ಕೊರೆದು ಹೊರಬರುತ್ತದೆ. ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. 1980ರಲ್ಲಿ ಈ ನೊಣ ಕರ್ನಾಟಕದಲ್ಲಿ ಕಾಣಿಸಿಕೊಂಡ ಮೇಲೆ ಹುಳದ ಮನೆಗಳ ಕಿಟಕಿ ಬಾಗಿಲುಗಳಿಗೆಲ್ಲ ಬಲೆ ಬಂತು, ಮಕ್ಕಳು ಬಾಗಿಲು ತೆರೆದಿಟ್ಟು ಓಡಿದರೆ ಬೆನ್ನಿಗೆ ಗುದ್ದು ಬಿತ್ತು. ‘ಊಜಿ’ ಎಂಬುದು ತಮಿಳೋ ಉರ್ದುವೋ ಇರಬೇಕೆಂದು ಭಾವಿಸಿದ್ದವನಿಗೆ, ‘ಉಜಿ’ ಎಂದರೆ ಜಪಾನಿಯಲ್ಲಿ ನೊಣದ ಮರಿಹುಳ ಎಂಬ ಅರ್ಥ ಕಂಡಾಗ ಆದ ಅಚ್ಚರಿಯನ್ನು ಬಣ್ಣಿಸುವುದು ಕಷ್ಟ. ನಲವತ್ತು ವರ್ಷಗಳಿಂದ ತಾಯಿ ದಿನಕ್ಕೆ ಹತ್ತು ಸಲ ಶಪಿಸುತ್ತಿದ್ದುದು ಜಪಾನಿ ಭಾಷೆಯಲ್ಲಿ. ಆ ರಾತ್ರಿಯೇ, ಅಲ್ಲಿಯವರೆಗೆ ಟೋಕಿಯೊ, ಕ್ಯೋಟೊ, ಒಸಾಕಾ ಎಂದು ಯಾರೋ ಹಾಕಿಕೊಟ್ಟ ದಾರಿಯಂತಿದ್ದ ಪಟ್ಟಿಗೆ ತೊಮಿಯೊಕಾ ಎಂಬ ನಾಲ್ಕನೆಯ ಹೆಸರು ಸೇರಿತು.

ತೊಮಿಯೊಕಾ ಟೋಕಿಯೊದ ವಾಯವ್ಯಕ್ಕಿರುವ ಗುನ್ಮಾ ಪ್ರಾಂತದ ಸಣ್ಣ ಪಟ್ಟಣ. ಮೇಜಿ ಸರ್ಕಾರ 1872ರಲ್ಲಿ ಫ್ರಾನ್ಸಿನ ಪೌಲ್ ಬ್ರೂನಾ ಎಂಬ ಪರಿಣತನ ಮೇಲ್ವಿಚಾರಣೆಯಲ್ಲಿ ಅಲ್ಲೊಂದು ರೇಷ್ಮೆ ನೂಲು ಬಿಚ್ಚಣಿಕೆಯ ಕಾರ್ಖಾನೆಯನ್ನು ಕಟ್ಟಿಸಿತು. ಒಂದೇ ಸೂರಿನಡಿ 300 ಮಂದಿ ಕೂತು ನೂಲು ತೆಗೆಯುವಂತಿದ್ದ ಆ ಕಾರ್ಖಾನೆ 1987ರಲ್ಲಿ ಮುಚ್ಚಿತು, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೂಲು ಬಿಚ್ಚಣಿಕೆಯೆಂದರೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ತುದಿ ಹಿಡಿದು, ಐದಾರು ಗೂಡುಗಳ ಎಳೆಯನ್ನು ಕೂಡಿಸಿ ರಾಟೆಗೆ ಸುತ್ತುವ ಕೆಲಸ. ಸಂತೇಮರಹಳ್ಳಿ, ಮಾಂಬಳ್ಳಿ, ಚಾಮರಾಜನಗರಗಳ ಸರ್ಕಾರಿ ಫಿಲೇಚರ್‌ಗಳಲ್ಲಿ, ಎಂದರೆ ಇದೇ ಕೆಲಸದ ಯಾಂತ್ರಿಕ ಕಾರ್ಖಾನೆಗಳಲ್ಲಿ, ದುಡಿದ ಹೆಣ್ಣುಮಕ್ಕಳು ತಾಯಿಯ ತವರಿನ ಓಣಿಯಲ್ಲೂ ಇದ್ದರು. ಅವರ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಜಪಾನಿನಲ್ಲಿ 1930ರ ಸುಮಾರಿಗೆ 22 ಲಕ್ಷದಷ್ಟು ರೈತ ಮನೆಗಳು ಹುಳು ಸಾಕುತ್ತಿದ್ದು, 2019ರ ಹೊತ್ತಿಗೆ ಅವು ಕೆಲವು ನೂರಕ್ಕೆ ಇಳಿದಿದ್ದವು. ದ್ವಿತಳಿ ಹುಳು ಸಾಕುವುದನ್ನು ನಮಗೆ ಕಲಿಸಿದವರೇ ಅದನ್ನು ಬಹುಪಾಲು ಕೈಬಿಟ್ಟಿರುವುದು ಲೇಖಕನಿಗೆ ವಿಚಿತ್ರವೆನಿಸಿತು, ತಾಯಿಗೆ ಎನಿಸಲಿಲ್ಲ. ‘ಆಳ್ ಸಿಕ್ಕಿರಕ್ಕಿಲ್ಲ’ ಎಂದು ಅವರು ಒಂದೇ ಮಾತಿನಲ್ಲಿ ಜಪಾನಿನ ಆರ್ಥಿಕ ಇತಿಹಾಸವನ್ನು ಮುಗಿಸಿದರು. ಅವರನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. 1871ರಿಂದ ಜಪಾನಿನ ಅರಮನೆಯಲ್ಲಿ ಪಟ್ಟದ ರಾಣಿಯೇ ಹುಳು ಸಾಕುವ ವಾಡಿಕೆ ನಡೆದುಬಂದಿದೆ, ಇಂದಿಗೂ ರಾಣಿ ಸ್ವತಃ ಸೊಪ್ಪು ಹಾಕುತ್ತಾರೆ ಎಂದು ಓದಿ ಹೇಳಿದಾಗ, ಮೊರದಲ್ಲಿ ಸೊಪ್ಪು ಹೆಚ್ಚುತ್ತಿದ್ದ ಕೈ ನಿಂತು, ‘ರಾಣಿಯಮ್ಮನೂ ಹಿಕ್ಕ ಬಾಚ್ತಳಾ?’ ಎಂಬ ಪ್ರಶ್ನೆ ಬಂತು. ಹಿಕ್ಕೆ ಬಾಚುವುದೆಂದರೆ ಹುಳುಗಳ ಅಡಿಯಲ್ಲಿ ಶೇಖರವಾದ ಹಿಕ್ಕೆಯನ್ನೂ ತಿಂದುಳಿದ ದಂಟನ್ನೂ ತೆಗೆಯುವ, ಈ ಕಸುಬಿನಲ್ಲೇ ಅತಿ ಬೇಸರದ ಕೆಲಸ. ಆ ಪ್ರಶ್ನೆಗೆ ಯಾವ ಮಾರ್ಗದರ್ಶಿಯಲ್ಲೂ ಉತ್ತರ ಸಿಗಲಿಲ್ಲ.

ಇನ್ನು ಕಾಗದಪತ್ರಗಳ ಅಧ್ಯಾಯ. ಪಾಸ್‌ಪೋರ್ಟಿಗಾಗಿ ಈ ಜಿಲ್ಲೆಯವರು ಬೆಂಗಳೂರಿಗೆ ಅಲೆಯುತ್ತಿದ್ದ ಕಾಲ ಅಷ್ಟೊತ್ತಿಗೆ ಕಳೆದಿತ್ತು. ಅಂಚೆ ಕಚೇರಿಯ ಆವರಣದಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಏರ್ಪಾಡು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಆರಂಭವಾದ ಎರಡು ಊರುಗಳಲ್ಲಿ ಮೈಸೂರು ಒಂದು, ಗುಜರಾತಿನ ದಾಹೋದ್ ಇನ್ನೊಂದು. ಆದರೆ ಸರ್ಕಾರಿ ನೌಕರನಾದವನು ತನ್ನ ಇಲಾಖೆಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರವನ್ನೂ, ಹೊರದೇಶಕ್ಕೆ ಹೋಗಲು ಬೇರೆಯೇ ಅನುಮತಿಯನ್ನೂ ಪಡೆಯಬೇಕಾಗುತ್ತದೆ. ಆ ಕಡತ ಜಿಲ್ಲಾ ಕೇಂದ್ರವಾದ ಚಾಮರಾಜನಗರದ ಕಚೇರಿಯೊಂದರಲ್ಲಿ ಹನ್ನೊಂದು ವಾರ ಮಲಗಿತ್ತು. ಮುಖ್ಯಮಂತ್ರಿಗಳು ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆ ದಶಕಗಳ ಕಾಲ ಚಾಲ್ತಿಯಲ್ಲಿದ್ದು, ಸಿದ್ದರಾಮಯ್ಯನವರು 2013ರ ನಂತರ ಮತ್ತೆ ಮತ್ತೆ ಬಂದುಹೋಗಿ ಐದು ವರ್ಷ ಪೂರೈಸಿದ ಮೇಲೆ ಅದು ಸಡಿಲವಾಯಿತಷ್ಟೆ. ಕಡತಗಳು ಮಾತ್ರ ಒಮ್ಮೆ ಈ ಊರಿಗೆ ಬಂದರೆ ಕುರ್ಚಿ ಬಿಟ್ಟು ಏಳುವುದೇ ಇಲ್ಲವೆಂದು ಶಿಕ್ಷಕರ ಕೊಠಡಿಯಲ್ಲಿ ನಗೆಯಾಡುತ್ತಿದ್ದರು.

ಹೆಸರಿನದು ಇನ್ನೊಂದು ಪ್ರಸಂಗ. ಹಳೆ ಮೈಸೂರಿನ ಬಹಳಷ್ಟು ಜನರಿಗೆ ಮನೆತನದ ಹೆಸರಿಲ್ಲ. ಊರಿನ ಹೆಸರಿನದೊಂದು ಅಕ್ಷರ, ತಂದೆಯ ಹೆಸರಿನದೊಂದು ಅಕ್ಷರ, ಆಮೇಲೆ ಸ್ವಂತ ಹೆಸರು, ಇಷ್ಟರಲ್ಲೇ ಬದುಕು ಸಾಗುತ್ತದೆ. ಪಾಸ್‌ಪೋರ್ಟಿನ ಅರ್ಜಿ ಈ ಅಕ್ಷರಗಳನ್ನು ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದಾಗ ತಂದೆಯ ಹೆಸರು ಕುಲನಾಮದ ಖಾನೆಯಲ್ಲಿ ಹೋಗಿ ಕುಳಿತಿತು. ಜಪಾನಿನಲ್ಲಿ ಕುಲನಾಮದ ಕೊನೆಗೆ ‘ಸಾನ್’ ಸೇರಿಸಿ ಕರೆಯುವುದು ಗೌರವ, ನಮ್ಮ ‘ಅವರೇ’ ಇದ್ದಂತೆ. ಹೀಗಾಗಿ ಕ್ಯೋಟೊದ ಹಾಸ್ಟೆಲಿನಿಂದ ಬಂದ ಮೊದಲ ಪತ್ರ, ತೆರಕಣಾಂಬಿಯ ತರಕಾರಿ ಮಂಡಿಯಿಂದ ಆಚೆಗೆ ಮೈಸೂರಿನ ದೊಡ್ಡಾಸ್ಪತ್ರೆಯನ್ನು ಬಿಟ್ಟರೆ ಬೇರೇನನ್ನೂ ಕಾಣದೆ ತೀರಿಹೋದ ತಂದೆಯ ಹೆಸರಿಗೆ ಸಾನ್ ಸೇರಿಸಿ, ತಮ್ಮ ಆಗಮನವನ್ನು ಎದುರು ನೋಡುತ್ತಿದ್ದೇವೆ ಎಂದು ಬರೆದಿತ್ತು. ತಾಯಿಗೆ ಅದನ್ನು ಓದಿ ಹೇಳಲು ಲೇಖಕನಿಗೆ ಎರಡು ದಿನ ಬೇಕಾಯಿತು.

ದಿನಾಂಕಗಳ ಲೆಕ್ಕ ಇನ್ನೂ ಬಿಗಿಯಾಗಿತ್ತು. ಶಿಕ್ಷಕನಿಗೆ ಬಿಡುವೆಂದರೆ ಬೇಸಿಗೆಯ ರಜೆ. 2019 ಲೋಕಸಭೆಯ ಚುನಾವಣೆಯ ವರ್ಷವಾಗಿದ್ದು, ಚಾಮರಾಜನಗರ ಕ್ಷೇತ್ರದಲ್ಲಿ ಏಪ್ರಿಲ್ 18ರಂದು ಮತದಾನವಿತ್ತು. ಮತಗಟ್ಟೆಯ ಕೆಲಸ ಮುಗಿಸಿ, ಯಂತ್ರಗಳನ್ನು ಒಪ್ಪಿಸಿ ಬಂದ ಮೇಲಷ್ಟೇ ಊರು ಬಿಡಬಹುದು. ಆದ್ದರಿಂದ ಏಪ್ರಿಲ್ 25ರ ನಂತರದ ಎರಡು ವಾರಗಳನ್ನು ಗುರುತು ಮಾಡಿಕೊಂಡು, ತಂಗುದಾಣಗಳನ್ನು ಹುಡುಕಿದರೆ ಎಲ್ಲಿಯೂ ಒಂದು ಮಂಚವೂ ಖಾಲಿಯಿರಲಿಲ್ಲ, ಇದ್ದರೂ ದರ ಎರಡು ಮೂರು ಪಟ್ಟು. ಇದು ಯಾವುದೋ ತಾಂತ್ರಿಕ ದೋಷವೆಂದು ಭಾವಿಸಿ ಒಂದು ವಾರ ಕಾದದ್ದು ಲೇಖಕನ ಅಜ್ಞಾನ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲಿ ಸಾಲುಸಾಲಾಗಿ ಬರುವ ರಾಷ್ಟ್ರೀಯ ರಜೆಗಳಿಗೆ ಗೋಲ್ಡನ್ ವೀಕ್ ಎಂದು ಹೆಸರು, ಇಡೀ ದೇಶ ಆಗ ಪ್ರವಾಸ ಹೊರಡುತ್ತದೆ. ಅದರಲ್ಲೂ ಆ ವರ್ಷ ಏಪ್ರಿಲ್ 30ಕ್ಕೆ ಚಕ್ರವರ್ತಿ ಅಕಿಹಿತೊ ಪಟ್ಟ ತ್ಯಜಿಸಿ ಮೇ 1ಕ್ಕೆ ನರುಹಿತೊ ಪಟ್ಟಕ್ಕೇರಿದ್ದರಿಂದ, ರಜೆ ಏಪ್ರಿಲ್ 27ರಿಂದ ಮೇ 6ರವರೆಗೆ ಹತ್ತು ದಿನಕ್ಕೆ ಹಿಗ್ಗಿತ್ತು. ಅಲ್ಲಿನ ಹೊಸ ಯುಗಕ್ಕೂ ಇಲ್ಲಿನ ಮತಪೆಟ್ಟಿಗೆಗೂ ನಡುವೆ ಸಿಕ್ಕಿಬಿದ್ದ ಪ್ರವಾಸವನ್ನು ಕೊನೆಗೆ ಮೇ 8ಕ್ಕೆ ತಳ್ಳಲಾಯಿತು. ಯಾವುದೇ ದೇಶದ ನಕ್ಷೆಗಿಂತ ಮುಂಚೆ ಅದರ ಪಂಚಾಂಗವನ್ನು ನೋಡಬೇಕೆಂಬ ಸರಳ ವಿವೇಕ, ಅಮಾವಾಸ್ಯೆ ನೋಡಿಕೊಂಡೇ ಬೆಟ್ಟಕ್ಕೆ ಹೊರಡುವ ಪರುಸೆಯವರಲ್ಲಿತ್ತು, ಏಳು ತಿಂಗಳು ಅಂತರಜಾಲ ಜಾಲಾಡುವವನಲ್ಲಿ ಇರಲಿಲ್ಲ.

ವೀಸಾಕ್ಕೆ ಬೆಂಗಳೂರಿನಲ್ಲೇ ಅರ್ಜಿ ಸಲ್ಲಿಸಬಹುದು. ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಆದಾಯ ತೆರಿಗೆಯ ವಿವರಗಳ ಜತೆಗೆ ಆ ದೇಶ ಕೇಳುವ ಒಂದು ವಿಶಿಷ್ಟ ಪತ್ರವೆಂದರೆ ವಾಸ್ತವ್ಯದ ದಿನಪಟ್ಟಿ. ಯಾವ ದಿನ ಎಲ್ಲಿ, ಏನು ನೋಡುವುದು, ರಾತ್ರಿ ಎಲ್ಲಿ ಮಲಗುವುದು, ಆ ಜಾಗದ ವಿಳಾಸ, ದೂರವಾಣಿ ಸಂಖ್ಯೆ, ಹೀಗೆ ಇಳಿಯುವ ದಿನದಿಂದ ಏರುವ ದಿನದವರೆಗೆ ಒಂದು ಸಾಲೂ ಖಾಲಿಯಿರಬಾರದು. ಬೆನ್ನುಚೀಲದ ಪ್ರವಾಸವೆಂದರೆ ಮನಸ್ಸು ಬಂದಲ್ಲಿ ನಿಲ್ಲುವುದು ಎಂಬ ಕಲ್ಪನೆಗೆ ಇದು ತದ್ವಿರುದ್ಧವೆಂದು ಮೊದಲು ಕಂಡಿತು. ಆದರೆ ಪಾಠಯೋಜನೆ ಬರೆದು ಬರೆದು ಪಳಗಿದ ಶಿಕ್ಷಕನಿಗೆ ಖಾನೆ ತುಂಬುವುದು ಹೊಸದಲ್ಲ. ಬರೆದಂತೆ ಪಾಠ ನಡೆಯುವುದಿಲ್ಲವೆಂಬುದೂ ಅವನಿಗೆ ಗೊತ್ತಿರುತ್ತದೆ, ಬರೆಯದೆ ಹೋದವನ ಪಾಠ ಹೇಗಿರುತ್ತದೆಂಬುದೂ ಗೊತ್ತಿರುತ್ತದೆ.

ಹಣದ ಲೆಕ್ಕದಲ್ಲಿ ಬಹಳ ಜನ ಎಡವುವ ಜಾಗ ರೈಲಿನ ಪಾಸು. ಹೊರದೇಶದ ಪ್ರವಾಸಿಗಳಿಗೆಂದೇ ಜಪಾನ್ ರೈಲ್ವೆ ಕೊಡುವ ಏಳು ದಿನದ ಪಾಸಿಗೆ ಆಗ 29,110 ಯೆನ್ ಬೆಲೆ, ನೂರು ಯೆನ್ನಿಗೆ ಅರವತ್ತೆರಡು ರೂಪಾಯಿಯ ಲೆಕ್ಕದಲ್ಲಿ ಹದಿನೆಂಟು ಸಾವಿರ ರೂಪಾಯಿ. 2023ರ ಅಕ್ಟೋಬರಿನಲ್ಲಿ ಅದೇ ಪಾಸು 50,000 ಯೆನ್ನಿಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ, 1964ರಲ್ಲಿ ಆರಂಭವಾದ ಶಿಂಕಾನ್ಸೆನ್ ಎಂಬ ವೇಗದ ರೈಲಿನಲ್ಲಿ, ಒಂದು ಕಡೆಯ ಪ್ರಯಾಣಕ್ಕೆ ಆಗ ಹದಿಮೂರು ಸಾವಿರ ಯೆನ್ನಿನಷ್ಟಾಗುತ್ತಿತ್ತು. ಹೋಗಿಬಂದರೆ ಹಳೆಯ ಬೆಲೆಯ ಪಾಸು ಹೆಚ್ಚುಕಡಿಮೆ ಸರಿದೂಗುತ್ತಿತ್ತು, ಬರದೇ ಹೋದರೆ? ಟೋಕಿಯೊದಲ್ಲಿ ಇಳಿದು ಒಸಾಕಾದಲ್ಲಿ ವಿಮಾನ ಹತ್ತುವಂತೆ ಟಿಕೆಟ್ ಮಾಡಿಸಿದರೆ ಹಿಂದಿರುಗುವ ದಾರಿಯೇ ಉಳಿಯುತ್ತದೆಂಬುದು ಹೊಳೆದದ್ದು ನಕ್ಷೆಯನ್ನು ದಿಟ್ಟಿಸಿ ಅಲ್ಲ, ಚಾಮರಾಜನಗರದ ಮೇಲೆ ಹೋಗಿ ನಂಜನಗೂಡಿನ ಮೇಲೆ ಬರುವ ಬೀಗರೂರಿನ ಸುತ್ತಾಟವನ್ನು ನೆನೆದು. ಮೇಲಾಗಿ ತಕಾಸಾಕಿಯಿಂದ ತೊಮಿಯೊಕಾಗೆ ಒಯ್ಯುವ ಪುಟ್ಟ ಜೋಶಿನ್ ರೈಲು ಖಾಸಗಿಯದು, ಅಲ್ಲಿ ಆ ಪಾಸು ನಡೆಯುವುದೂ ಇಲ್ಲ. ರೈಲಿಗೆ ನಾಲ್ಕು ತಿಂಗಳು ಮುಂಚೆ ಸೀಟು ಕಾಯ್ದಿರಿಸುವ ನಮ್ಮ ಆಗಿನ ಅಭ್ಯಾಸವೂ ಅಲ್ಲಿ ಬೇಡದ ಭಾರವಾಗಿತ್ತು. ಶಿಂಕಾನ್ಸೆನ್ನಿನಲ್ಲೂ ಕಾಯ್ದಿರಿಸದ ಬೋಗಿಗಳಿವೆ, ಸಾಲಿನಲ್ಲಿ ನಿಂತು ಹತ್ತಿ ಕೂರಬಹುದು.

ಭಾಷೆಯ ಸಿದ್ಧತೆ ಮಾತ್ರ ಈ ಏಳು ತಿಂಗಳಲ್ಲಿ ಬರೀ ಸಂತೋಷವನ್ನೇ ಕೊಟ್ಟ ಕೆಲಸ. ಜಪಾನಿಯನ್ನು ಇಂಗ್ಲಿಷಿನ ಮೂಲಕ ಕಲಿಯುವುದು ಕೊಡಗಿಗೆ ಕೋಲಾರದ ಮೇಲೆ ಹೋದಂತೆ. ‘ಕ್ಯೋಟೊ ನಿ ಇಕಿಮಸು’ ಎಂಬುದನ್ನು ಪದಕ್ಕೆ ಪದವಿಟ್ಟು ನೋಡಿದರೆ ‘ಕ್ಯೋಟೊಗೆ ಹೋಗುತ್ತೇನೆ’ ಎಂದೇ ಆಗುತ್ತದೆ. ‘ನಿ’ ನಮ್ಮ ‘ಗೆ’ ವಿಭಕ್ತಿ ಪ್ರತ್ಯಯದಂತೆ ನಾಮಪದದ ನಂತರ ಬಂದು ನಿಲ್ಲುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ, ಹೋಗುವವನು ಯಾರೆಂದು ಹೇಳಬೇಕಾಗಿಯೇ ಇಲ್ಲ. ಪ್ರಶ್ನೆಯಾಗಬೇಕಿದ್ದರೆ ಕೊನೆಗೆ ‘ಕ’ ಸೇರಿಸಿದರಾಯಿತು, ‘ಹೋಗುತ್ತೀರಾ’ ಎಂಬಲ್ಲಿನ ‘ಆ’ ಸೇರಿದ ಹಾಗೆ. ಈ ಬಗೆಯ ಹೋಲಿಕೆಗಳನ್ನು ಹಿಡಿದು ಸುಸುಮು ಓನೊ (1919–2008) ಎಂಬ ಜಪಾನಿ ವಿದ್ವಾಂಸರು ಜಪಾನಿಗೂ ತಮಿಳಿಗೂ ಬಾಂಧವ್ಯವುಂಟೆಂದು ವಾದಿಸಿದ್ದು, ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ರಚನೆಯ ಹೋಲಿಕೆ ರಕ್ತಸಂಬಂಧವಲ್ಲ ಎಂಬ ಅವರ ಮಾತು ಸರಿಯೇ. ಆದರೆ ಬಸ್ಸಿನ ನಿಲ್ದಾಣದಲ್ಲಿ ದಾರಿ ಕೇಳುವವನಿಗೆ ರಚನೆಯಿಷ್ಟು ಸಾಕು. ಅಕ್ಷರಗಳ ವಿಷಯದಲ್ಲಿ ನಂಟು ಅನುಮಾನಕ್ಕೆ ಎಡೆಯಿಲ್ಲದ್ದು. ಜಪಾನಿ ಅಕ್ಷರಮಾಲೆಯನ್ನು ಗೊಜೂಒನ್, ಐವತ್ತು ದನಿಗಳ ಪಟ್ಟಿ, ಎನ್ನುತ್ತಾರೆ. ಅದರ ಸಾಲು ‘ಅ ಇ ಉ ಎ ಒ’ ಎಂದು ಆರಂಭವಾಗಿ ‘ಕ ಸ ತ ನ ಹ ಮ ಯ ರ ವ’ ಎಂದು ಇಳಿಯುತ್ತದೆ. ಹಳೆಯ ಜಪಾನಿಯಲ್ಲಿ ‘ಹ’ಕಾರದ ಜಾಗದಲ್ಲಿ ‘ಪ’ಕಾರವಿತ್ತೆಂದೂ, ‘ಸ’ ನಮ್ಮ ಚಕಾರಕ್ಕೆ ಹತ್ತಿರವಾಗಿತ್ತೆಂದೂ ತಿಳಿದವರು ಹೇಳುತ್ತಾರೆ. ಆಗ ಅದು ಒಂದನೆಯ ತರಗತಿಯ ಮಕ್ಕಳು ರಾಗವಾಗಿ ಹೇಳುವ ನಮ್ಮದೇ ವರ್ಣಮಾಲೆ. ಬೌದ್ಧ ಭಿಕ್ಷುಗಳು ಸಂಸ್ಕೃತದ ಮಂತ್ರಗಳನ್ನು ಬರೆಯಲು ಕಲಿತ ಸಿದ್ಧಂ ಎಂಬ ಭಾರತೀಯ ಲಿಪಿಯೊಡನೆ ಈ ಕ್ರಮವೂ ಅಲ್ಲಿಗೆ ಹೋಯಿತು.

ಆ ಲಿಪಿಯನ್ನು ಒಯ್ದವರಲ್ಲಿ ಮುಖ್ಯನಾದ ಕೂಕಾಯ್ (774–835) ಎಂಬ ಸಂನ್ಯಾಸಿ ನೆಲೆಗೊಳಿಸಿದ ಕೋಯಾಸಾನ್ ಬೆಟ್ಟ ದಿನಪಟ್ಟಿಯ ಹತ್ತನೆಯ ಸಾಲಿಗೆ ಬಂತು. ಅದಕ್ಕೆ ಇನ್ನೆರಡು ಕಾರಣಗಳೂ ಇದ್ದವು. ಅಲ್ಲಿನ ದೇಗುಲಗಳು ಯಾತ್ರಿಕರಿಗೆ ತಂಗಲು ಕೋಣೆ ಕೊಟ್ಟು, ಶೋಜಿನ್ ರ್ಯೋರಿ ಎಂಬ ಭಿಕ್ಷುಗಳ ಸಸ್ಯಾಹಾರವನ್ನು ಬಡಿಸುತ್ತವೆ. ಜಪಾನಿನ ಅಡುಗೆಯಲ್ಲಿ ಬರೀ ತರಕಾರಿಯೆಂದು ಕಾಣುವ ಸಾರಿಗೂ ದಾಶಿ ಎಂಬ ಕಟ್ಟು ಇರುತ್ತದೆ, ಅದು ಬಹುಮಟ್ಟಿಗೆ ಒಣಗಿಸಿ ಹೆರೆದ ಮೀನಿನದು. ಮೀನಿಲ್ಲ ಎಂದರೆ ಮೀನಿನ ತುಂಡಿಲ್ಲ ಎಂದಷ್ಟೇ ಅರ್ಥ. ಹನ್ನೆರಡು ದಿನಗಳಲ್ಲಿ ಎರಡು ಹೊತ್ತಾದರೂ ಅನುಮಾನವಿಲ್ಲದೆ ಉಣ್ಣಬೇಕೆಂಬ ಆಸೆಗೆ ಆ ಬೆಟ್ಟದ ದುಬಾರಿ ಕೋಣೆಯನ್ನು ಒಪ್ಪಿಕೊಳ್ಳಲಾಯಿತು. ಇನ್ನೊಂದು ಕಾರಣ ಕಲ್ಲು. ಚಾಮರಾಜನಗರದ ಸುತ್ತಮುತ್ತಲ ಗಣಿಗಳಿಂದ ಹೊರಡುವ ಕರಿಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಡೋಲರೈಟ್ ಎಂಬ ಶಿಲೆಯಾಗಿದ್ದರೂ ವ್ಯಾಪಾರದಲ್ಲಿ ಅದಕ್ಕೆ ಗ್ರಾನೈಟೆಂದೇ ಹೆಸರು. ಹೊಳಪು ಕೊಟ್ಟರೆ ಕನ್ನಡಿಯಂತಾಗುವ ಈ ಕಲ್ಲು ಸಮುದ್ರ ದಾಟಿ ಹೋಗುತ್ತದೆ, ಭಾರತದ ಕರಿಕಲ್ಲಿಗೆ ಜಪಾನಿನ ಸಮಾಧಿಗಲ್ಲುಗಳ ಪೇಟೆಯಲ್ಲಿ ಒಳ್ಳೆಯ ಬೆಲೆಯಿದೆ. ಕೋಯಾಸಾನಿನ ಒಕುನೊಇನ್ ಎಂಬಲ್ಲಿ ದೇವದಾರುವಿನಂಥ ಮರಗಳ ನಡುವೆ ಎರಡು ಲಕ್ಷಕ್ಕೂ ಮಿಕ್ಕಿ ಸಮಾಧಿಗಳಿವೆ. ಊರಿನ ಕಲ್ಲೊಂದು ಅಲ್ಲಿದ್ದರೂ ಗುರುತು ಹಿಡಿಯುವ ಬಗೆಯಿಲ್ಲ. ದಿನಪಟ್ಟಿಯ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ‘ಕಪ್ಪು ಕಲ್ಲು, ಮುಟ್ಟಿ ನೋಡುವುದು’ ಎಂದು ಮಾತ್ರ ಬರೆದಿಡಲಾಗಿತ್ತು.

ಹೊರಡುವ ಹಿಂದಿನ ದಿನ ತೂಕದ ಪ್ರಶ್ನೆ ಎದ್ದಿತು. ಅಗ್ಗದ ಟಿಕೆಟಿನಲ್ಲಿ ಕೈಚೀಲಕ್ಕೆ ಏಳು ಕಿಲೋ ಮಿತಿ. ಮನೆಯಲ್ಲಿದ್ದ ತಕ್ಕಡಿಯೆಂದರೆ ಗೂಡು ಮಾರುಕಟ್ಟೆಗೆ ಹೊರಡುವ ಮುನ್ನ ಅಂದಾಜಿಗೆ ತೂಗಲು ಹುಳದ ಮನೆಯ ಜಂತಿಗೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿ. ಒಳಗೆ ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ನಿಂತು ಪೊರೆ ಕಳಚುತ್ತದೆ. ಅದನ್ನೇ ನಮ್ಮ ರೈತರು ಜ್ವರವೆನ್ನುತ್ತಾರೆ. ಆ ಹೊತ್ತಿನಲ್ಲಿ ಯಾರೂ ಒಳಗೆ ಬರಕೂಡದು, ಸದ್ದೂ ಆಗಬಾರದು. ಆದ್ದರಿಂದ ತಕ್ಕಡಿಯನ್ನೇ ಹೊರಗೆ ತಂದು, ಬಾಗಿಲ ಮುಂದಿನ ಸುಣ್ಣದ ಗೆರೆಯ ಈಚೆಗೆ ನಿಂತು, ಹೊಂಗೆಯ ಕೊಂಬೆಗೆ ಕಟ್ಟಿ, ಬೆನ್ನುಚೀಲವನ್ನು ತೂಗುಬಿಡಲಾಯಿತು. ಮುಳ್ಳು ಒಂಬತ್ತು ಕಿಲೋ ದಾಟಿ ನಿಂತಿತು. ಮೊದಲು ಹೊರಬಂದದ್ದು ಎರಡನೆಯ ಜೊತೆ ಚಪ್ಪಲಿ, ಆಮೇಲೆ ದಪ್ಪನೆಯ ಇಂಗ್ಲಿಷ್ ಮಾರ್ಗದರ್ಶಿ. ಕರಿಬೇವಿನ ಸೊಪ್ಪನ್ನು ತೆಗೆಯಿಸಲು ವಾದವೇ ಆಯಿತು. ಹಸಿ ಸೊಪ್ಪುಸದೆಗಳನ್ನು ರೋಗತಪಾಸಣೆಯ ಪತ್ರವಿಲ್ಲದೆ ಆ ದೇಶ ಒಳಗೆ ಬಿಡುವುದಿಲ್ಲ ಎಂದಾಗ, ಚಪ್ಪಲಿ ಬಿಡದೆ, ಕೈಕಾಲು ತೊಳೆಯದೆ ಯಾರನ್ನೂ ಹುಳದ ಮನೆಗೆ ಬಿಡದ ತಾಯಿಗೆ ಅದು ತಟ್ಟನೆ ಅರ್ಥವಾಯಿತು. ಹುರಿಹಿಟ್ಟೂ ಹುರುಳಿಯ ಚಟ್ನಿಪುಡಿಯೂ ಉಳಿದವು. ಆರು ಕಿಲೋ ಎಂಟುನೂರು.

ಜಪಾನಿನ ರೈತರು ಹುಳುವಿನ ಈ ಜ್ವರವನ್ನೇ ‘ಮಿನ್’, ನಿದ್ದೆ, ಎನ್ನುತ್ತಾರೆ, ಒಂದನೇ ನಿದ್ದೆ, ಎರಡನೇ ನಿದ್ದೆ ಎಂದು ಎಣಿಸುತ್ತಾರೆ ಎಂದು ಆ ಸಂಜೆ ತಿಳಿಸಿದಾಗ ತಾಯಿ ಬಲೆಯ ಬಾಗಿಲ ಒಳಗಿನಿಂದ ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟು: ‘ಅಲ್ಲಿ ಹುಳಗಳು ನಿದ್ದ ಮಾಡ್ತವ, ನಮ್ಮಲ್ಲಿ ಜರ ಬತ್ತದ. ಅವುಕ ಪುಣ್ಯ ಅದ ಕನಪ್ಪ.’ ಮರುದಿನ ನಸುಕಿನಲ್ಲಿ, ಗೇಟು ತೆರೆಯಲು ಕಾದ ಲಾರಿಗಳ ಸಾಲಿಗೆ ಬೆನ್ನು ಹಾಕಿ ಮೈಸೂರಿನ ಬಸ್ಸು ಹತ್ತಿ, ಅಲ್ಲಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರವಾಗಿ ಹೋಗುವ ಫ್ಲೈ ಬಸ್ಸಿನಲ್ಲಿ ಪ್ರಯಾಣ ಮುಂದುವರಿಯಿತು.

ತೊಮಿಯೊಕಾದಲ್ಲಿ ಕಂಡ 104 ಮೀಟರ್ ಉದ್ದದ ಇಟ್ಟಿಗೆಯ ಗೂಡಿನ ಉಗ್ರಾಣ, ಪ್ಲಾಸ್ಟಿಕ್ ಹೊದೆಸಿ ನಿಲ್ಲಿಸಿದ ಯಂತ್ರಗಳು, ಕೋಯಾಸಾನಿನ ಕಪ್ಪು ಕಲ್ಲುಗಳ ತಣ್ಣನೆಯ ಮೈ, ಇವುಗಳ ವಿವರ ಬೇರೊಂದು ಬರಹಕ್ಕೆ ಸೇರಿದುದು. ಏಳು ತಿಂಗಳ ಲೆಕ್ಕವನ್ನೆಲ್ಲ ಬರೆದಿಟ್ಟಿದ್ದ ಉದ್ದನೆಯ ನೋಟ್‌ಬುಕ್ಕಿನಲ್ಲಿ ಅರ್ಧಕ್ಕೂ ಹೆಚ್ಚು ಹಾಳೆ ಖಾಲಿ ಉಳಿದಿದ್ದವು. ಹಿಂದಿರುಗಿದ ಮುಂಗಾರಿನಲ್ಲಿ ತಾಯಿ ಅದನ್ನು ಹುಳದ ಲೆಕ್ಕಕ್ಕೆ ತೆಗೆದುಕೊಂಡರು. ಕ್ಯೋಟೊ ನಿಲ್ದಾಣದಿಂದ ಹಾಸ್ಟೆಲಿಗೆ ನಡೆಯುವ ದಾರಿಯ ನಕ್ಷೆಯ ಬೆನ್ನಿಗೆ, ಮೊಟ್ಟೆ ತಂದ ತಾರೀಖು, ನೂರು ಮೊಟ್ಟೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ದಿನ, ಸುಣ್ಣದ ಬೆಲೆ ಎಂದು ಅವರ ಓರೆ ಅಕ್ಷರದ ಸಾಲುಗಳು ಮೊದಲಾಗುತ್ತವೆ. ಮೂರನೆಯ ಬೆಳೆಯ ಸಾಲಿನಲ್ಲಿ ‘ನಾಕ್ನೇ ಜರ’ ಎಂದು ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ನಿದ್ದೆ’ ಎಂದು ತಿದ್ದಿದ್ದಾರೆ. ನಾಲ್ಕನೆಯ ಬೆಳೆಯಿಂದ ಮತ್ತೆ ಜ್ವರವೇ ಇದೆ.